ಎಡಕ್ಕೆ ವಾಲಿದ ಹಾಡು

ಮೂರನೆಯ ಗಿರಾಕಿ ಬರಲಿದ್ದ ಭಾನುವಾರ ಬೆಳಿಗ್ಗೆ ಮೆಲ್ಲಿ ಒಂದೇ ಒಂದು ಹಾರೈಕೆ ಇಟ್ಟುಕೊಂಡು ಎದ್ದಳು: ಬರುವವರು ಕಿವುಡರಾಗಿರಲಿ. ಪೂರ್ತಿ ಅಲ್ಲದಿದ್ದರೂ ಸಂಗೀತದ ಮಟ್ಟಿಗಾದರೂ. ಕಿವಿ ಪರೀಕ್ಷೆ ಮಾಡುವ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿರುವವಳು ಹೀಗೆ ಬಯಸಬಾರದೆಂದು ಗೊತ್ತಿತ್ತು. ಆದರೂ ಬಯಸಿದಳು.

ಮಾರಾಟಕ್ಕಿದ್ದದ್ದು ಮನೆಯ ಮುಂದಿನ ಕೋಣೆಯಲ್ಲಿದ್ದ ಸಾಮಾನು: ಐದು ಸ್ಪೀಕರು, ಒಂದು ಆಂಪ್ಲಿಫೈಯರು, ಒಂದು ಪ್ಲೇಯರು, ಎರಡು ಗೋಡೆಯುದ್ದಕ್ಕೂ ಅಪ್ಪ ಪೇರಿಸಿಟ್ಟ ಸರೌಂಡ್ ಸೌಂಡ್ ಡಿಸ್ಕುಗಳು. ಅಣ್ಣನಿಗೆ ಪಾರ್ಸೆಲ್ ಕಂಪನಿಯೊಂದರ ಕೌಂಟರ್ ಸಿಕ್ಕಿತ್ತು. ಬೀದಿಗೆ ಬಾಗಿಲಿದ್ದದ್ದು ಆ ಕೋಣೆಗೆ ಮಾತ್ರ. ತಿಂಗಳಿಂದ ಅಣ್ಣ ಬೆನ್ನು ಬಿಡದೆ ಕೇಳಿ, ಕೊನೆಗೆ ಅಪ್ಪ ಒಪ್ಪಿದ್ದ. ಒಪ್ಪಿದ್ದೇನೋ ನಿಜ, ಆದರೆ ತನ್ನ ಅಂಗಡಿಯ ಕಾಯಿದೆಯನ್ನು ಹಾಕಿ ಒಪ್ಪಿದ್ದ.

ಅಪ್ಪನ ಹಾಡಿನ ಡಿಸ್ಕುಗಳ ಅಂಗಡಿ ಇದ್ದದ್ದು ಚಪ್ಪಲಿ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ. ಮೆಟ್ಟಿಲಿಳಿಯುವಾಗ ಮೇಲಿನಿಂದ ಹೊಸ ಚರ್ಮದ ವಾಸನೆ, ಕೆಳಗಿನಿಂದ ಹಾಡು. ಶನಿವಾರ ಸಂಜೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಡಬ್ಬಿಗಳ ಸಾಲಿನಲ್ಲಿ ಬೆರಳುಗಳು ಟಕಟಕ ಓಡುತ್ತಿದ್ದವು. ಬೇಕಾದದ್ದು ಸಿಕ್ಕಾಗ ಟಕ್ಕೆಂದು ನಿಲ್ಲುತ್ತಿದ್ದವು. ಆ ನಿಂತ ಸದ್ದನ್ನೇ ಕೇಳಿ ಅಪ್ಪ ತಲೆಯೆತ್ತದೆ, “ಒಳ್ಳೇದು ಸಿಕ್ತು ಅನ್ಸುತ್ತೆ” ಎನ್ನುತ್ತಿದ್ದ. ಒಂದೇ ಡಿಸ್ಕಿಗೆ ಒಟ್ಟಿಗೆ ಕೈಹಾಕಿ, ನೀವು ತಗೊಳ್ಳಿ, ಇಲ್ಲ ಇಲ್ಲ ನೀವು ಎಂದು ಉಪಚಾರ ಮಾಡಿಕೊಂಡು, ಮುಂದೆ ಮದುವೆಯನ್ನೂ ಮಾಡಿಕೊಂಡ ಜೋಡಿಯೊಂದಿತ್ತು. ಎಲ್ಲವನ್ನೂ ನೋಡಿ ಏನನ್ನೂ ಕೊಳ್ಳದೆ ಹೋಗುವ ಬ್ಯಾಂಕ್ ಗುಮಾಸ್ತರೊಬ್ಬರಿದ್ದರು. ಅವರಿಗೆಂದೇ ಅಪ್ಪ ಒಂದು ಸ್ಟೂಲು ಇಟ್ಟಿದ್ದ.

ಅಂಗಡಿಯ ಹಿಂಭಾಗದಲ್ಲಿ ಗಾಜಿನ ಗೂಡು, ಗೂಡಿನ ನಡುವೆ ಒಂದೇ ಒಂದು ಕುರ್ಚಿ, ಸುತ್ತ ಐದು ಸ್ಪೀಕರು. ಅದು ಸರೌಂಡ್ ಡಿಸ್ಕುಗಳ ಗರ್ಭಗುಡಿ. “ಮಾಮೂಲಿ ಡಿಸ್ಕಲ್ಲಿ ಹಾಡೋರು ನಿಮ್ಮೆದುರು ಕೂತಿರ್ತಾರೆ. ಇದ್ರಲ್ಲಿ ನೀವು ಹಾಡೋರ ಮಧ್ಯೆ ಕೂತಿರ್ತೀರಿ,” ಇದು ಅಪ್ಪನ ವರ್ಣನೆ. ಕುರ್ಚಿಯಿಂದ ಪ್ರತಿ ಸ್ಪೀಕರಿಗೂ ದೂರ ಒಂದೇ ಆಗಿರಬೇಕು. ಅದಕ್ಕೆ ಅಪ್ಪ ಹುರಿ ಹಿಡಿದು ಅಳೆಯುತ್ತಿದ್ದ. ಪುಟ್ಟ ಮೆಲ್ಲಿ ಕುರ್ಚಿಯಲ್ಲಿ ಕೂತು ಹುರಿಯ ತುದಿಯನ್ನು ತನ್ನ ಮೂಗಿಗೆ ಒತ್ತಿಕೊಂಡಿರುತ್ತಿದ್ದಳು.

ಸರೌಂಡ್ ಡಿಸ್ಕು ಬೇಕೆಂದವರು ಮೊದಲು ಆ ಕುರ್ಚಿಯಲ್ಲಿ ಕೂರಬೇಕು. ಅಪ್ಪ ಒಂದು ಹಾಡು ಹಾಕುತ್ತಿದ್ದ, ಯಾವಾಗಲೂ ಅದೇ ಹಾಡು. ಮುಗಿದ ಮೇಲೆ ಒಂದೇ ಪ್ರಶ್ನೆ: ಹಿಂದಿನಿಂದ ಏನು ಕೇಳಿಸಿತು? ಕೊಳಲು ಶುರುವಾಗುವ ಮುಂಚೆ, ಎಡ ಹಿಂಬದಿಯಲ್ಲಿ, ಕೊಳಲಿನವನು ಉಸಿರೆಳೆದುಕೊಳ್ಳುವ ಸಣ್ಣ ಸದ್ದಿತ್ತು. ಅದನ್ನು ಹೇಳಿದವರಿಗೆ ಡಿಸ್ಕು. ಹೇಳದವರಿಗೆ, “ನಿಮಗೆ ಮಾಮೂಲಿದೇ ಸಾಕು ಬಿಡಿ, ಸುಮ್ನೆ ಯಾಕೆ ಖರ್ಚು.”

“ಗಿರಾಕಿಗೇ ಪರೀಕ್ಷೆ ಇಟ್ಟು ಫೇಲ್ ಮಾಡೋ ಅಂಗಡಿ ಮುಚ್ಚದೆ ಇನ್ನೇನಾಗುತ್ತೆ?” ಎಂದು ಅಮ್ಮ ಈಗಲೂ ಕೇಳುವುದಿತ್ತು.

ಮುಚ್ಚಿದ್ದು ಅದಕ್ಕಲ್ಲ. ಜನ ಮೆಟ್ಟಿಲಿಳಿದು ಬಂದು ಚಾರ್ಜರ್ ಇದೆಯಾ ಎಂದು ಕೇಳತೊಡಗಿದ್ದರು. ಮೊಬೈಲ್ ಕವರಾದರೂ ಇಡು ಎಂದು ಎಲ್ಲರೂ ಬುದ್ಧಿ ಹೇಳಿದರು. “ಫೋನಿಗೆ ಅಂಗಿ ಹೊಲಿಯೋಕೆ ನಾನೇನು ದರ್ಜಿಯಾ?” ಎಂದ ಅಪ್ಪ ಜಪ್ಪಯ್ಯ ಅನ್ನಲಿಲ್ಲ. ಊರಿನ ಬೇರೆ ಡಿಸ್ಕಿನ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದಾಗಲೂ, ಸಾವಿನ ಮನೆಗೆ ಹೋಗುವಂತೆ ಗಂಟುಮುಖದಲ್ಲಿ ಹೋಗಿ, ಅವರು ಕೊಟ್ಟ ಕಾಫಿಯನ್ನೂ ಮುಟ್ಟದೆ, ಅಲ್ಲಿ ಅನಾಥವಾಗಿ ಬಿದ್ದಿದ್ದ ಸರೌಂಡ್ ಡಿಸ್ಕುಗಳನ್ನು ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದ. ಹಾಗೆ ಕೂಡಿಬಂದದ್ದು ಈ ಎರಡು ಗೋಡೆ.

ಈಗ ಆ ಎರಡು ಗೋಡೆಗೂ ಅದೇ ಕಾಯಿದೆ: ಪರೀಕ್ಷೆಯಲ್ಲಿ ಪಾಸಾದವರಿಗೆ ಪೂರ್ತಿ ಕೊಡುವುದು. ಮೊದಲನೆಯವನು ಕುರ್ಚಿಯಲ್ಲಿ ಕೂತೇ ಫೋನ್ ಎತ್ತಿಕೊಂಡ. ಎರಡನೆಯವನು ಹಾಡು ಪೂರ್ತಿ ಕೇಳಿ, ಹಿಂದೆ ಏನಿತ್ತು ಎಂದರೆ ತಿರುಗಿ ನೋಡಿ, “ಹಿಂದೆ? ಗೋಡೆ ಇದೆ” ಎಂದ. ಅಂದು ಮೆಲ್ಲಿ ಅಡುಗೆಮನೆಗೆ ಓಡಿಹೋಗಿ ನಕ್ಕಿದ್ದಳು.

ಇನ್ನೊಂದು ಸಂಗತಿ ಅವಳೊಬ್ಬಳಿಗೇ ಗೊತ್ತಿತ್ತು. ಹಾಗೆಂದು ಅವಳು ನಂಬಿದ್ದಳು. ಕ್ಲಿನಿಕ್ಕಿನಲ್ಲಿ ಜನರನ್ನು ಸದ್ದಿಲ್ಲದ ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಕೈಗೆ ಬಟನ್ ಕೊಟ್ಟು, “ಕೇಳಿಸಿದಾಗ ಒತ್ತಿ” ಎನ್ನುವುದು ಅವಳ ಕೆಲಸ. ಬೇರೆ ಮಾತು ಬೇಕಾಗುತ್ತಿರಲಿಲ್ಲ. ಅದಕ್ಕೇ ಆ ಕೆಲಸ ಹಿಡಿಸಿತ್ತು. ಅಂಥವಳ ಕಣ್ಣಿನಿಂದ ಅಪ್ಪ ಏನನ್ನೂ ಮುಚ್ಚಿಡುವಂತಿರಲಿಲ್ಲ. ಫೋನು ಸದಾ ಬಲಗಿವಿಗೆ. ಮಾತಾಡಿಸಿದರೆ ಕೋಳಿಯ ಹಾಗೆ ಕತ್ತು ವಾರೆ. ಎಡಗಡೆಯ ಸ್ಪೀಕರುಗಳು “ಸೋಮಾರಿಯಾಗಿವೆ” ಎಂದು ಬಿಚ್ಚಿ ರಿಪೇರಿ ಮಾಡಿದ್ದ, ವೈರು ಬದಲಿಸಿದ್ದ, ಆಮೇಲೆ ಆಂಪ್ಲಿಫೈಯರಿನಲ್ಲಿ ಅವುಗಳ ಸದ್ದನ್ನಷ್ಟೇ ಕೂದಲೆಳೆಯಷ್ಟು ಏರಿಸಿದ್ದ. ಮತ್ತೆ ಕೂದಲೆಳೆ. ಮತ್ತೆ. ಹೀಗೆ ವರ್ಷಗಳಲ್ಲಿ ಇಡೀ ಕೋಣೆ ಎಡಕ್ಕೆ ವಾಲಿತ್ತು. ಒಮ್ಮೆ ಅವಳು, ಕ್ಲಿನಿಕ್ಕಿಗೆ ಬಾ ಅಪ್ಪಾ, ಸುಮ್ನೆ ನೋಡೋಣ, ಎಂದಿದ್ದಳು. “ನನ್ನ ಕಿವಿ ಪರೀಕ್ಷೆ ಮಾಡೋಕೆ ನೀನು ಇನ್ನೊಂದ್ಸಲ ಹುಟ್ಟಿಬರ್ಬೇಕು!” ಎಂಬ ಉತ್ತರ ಬಂದಿತ್ತು. ಅವಳು ಮತ್ತೆ ಆ ಮಾತೆತ್ತಲಿಲ್ಲ. ಮಾತೆತ್ತದಿರುವುದೇ ಅವಳ ಸ್ವಭಾವ. ಮೆಲ್ಲಿ ಎಂಬ ಹೆಸರು ಮನೆಯಲ್ಲಿ ಬಿದ್ದದ್ದೂ ಅದಕ್ಕೇ.

ಮೂರನೆಯ ಗಿರಾಕಿ ಕಣ್ಣಿನ ಡಾಕ್ಟರು. ನರೆಗೂದಲು, ಕೈಯಲ್ಲಿ ಹೆಲ್ಮೆಟ್ಟು. ಬಂದವರೇ ಗೋಡೆಯ ಮುಂದೆ ನಿಂತು ಡಬ್ಬಿಗಳ ಬೆನ್ನನ್ನು ಓದುತ್ತ ಹೋದರು. ಒಂದು ಕಡೆ ಅವರ ಬೆರಳು ಟಕ್ಕೆಂದು ನಿಂತಿತು. ಅಪ್ಪನ ಹುಬ್ಬು ಮೇಲೇರಿತು. ಇವರು ಕಿವುಡರಲ್ಲ ಎಂದು ಮೆಲ್ಲಿಗೆ ಆಗಲೇ ಗೊತ್ತಾಯಿತು.

“ಕೂತ್ಕೊಳ್ಳಿ ಡಾಕ್ಟ್ರೇ,” ಎಂದ ಅಪ್ಪ.

ಡಾಕ್ಟರು ಕೂತರು. ಫೋನನ್ನು ಆರಿಸಿ ಹೆಲ್ಮೆಟ್ಟಿನೊಳಗೆ ಹಾಕಿದರು. ಹಾಡು ಶುರುವಾದಾಗ ಕಣ್ಣು ಮುಚ್ಚಿಕೊಂಡವರು ಮುಗಿದ ಮೇಲೂ ಸ್ವಲ್ಪ ಹೊತ್ತು ತೆರೆಯಲಿಲ್ಲ.

“ಹಿಂದೆ ಏನು ಕೇಳ್ಸ್ತು?”

“ಉಸಿರು. ಕೊಳಲಿನವರದ್ದು.” ಅವರು ಕಣ್ಣು ಬಿಟ್ಟು ನಕ್ಕರು. “ಆದ್ರೆ ಸ್ವಾಮಿ, ಆ ಮನುಷ್ಯ ನನ್ನ ಎಡಭುಜದ ಮೇಲೇ ಹತ್ತಿ ಕೂತಿದ್ದಾನೆ. ಹಾಡೆಲ್ಲ ಎಡಕ್ಕೆ ವಾಲಿದೆಯಲ್ಲ. ಗೊತ್ತಿಲ್ವಾ ನಿಮಗೆ?”

“ಎಡಕ್ಕಾ?” ಎಂದ ಅಪ್ಪ. “ಆ ಸ್ಪೀಕರು ಸ್ವಲ್ಪ ಸೋಮಾರಿ. ಅದಕ್ಕೆ ಏರ್ಸಿದ್ದೀನಿ.”

“ಸ್ಪೀಕರು ಚೆನ್ನಾಗೇ ಇದೆ. ಅಳೆದೇ ನೋಡೋಣ.” ಡಾಕ್ಟರು ಫೋನನ್ನು ಮತ್ತೆ ಹಚ್ಚಿ, ಅದರಲ್ಲಿದ್ದ ಸದ್ದಳೆಯುವ ಆ್ಯಪನ್ನು ನೋಡಿಕೊಳ್ಳುತ್ತ ಒಂದೊಂದು ಸ್ಪೀಕರಿನ ಸದ್ದನ್ನೂ ಸರಿದೂಗಿಸಿದರು. ಒಳ್ಳೆಯ ಮನುಷ್ಯ, ಕೆಲಸದಲ್ಲಿ ದರ್ಪವಿರಲಿಲ್ಲ. ಆಮೇಲೆ ಅಪ್ಪನ ಕೈಹಿಡಿದು ಕುರ್ಚಿಗೆ ಕರೆತಂದರು. “ಈಗ ಕೇಳಿ. ನೀವೇ ಕೂಡಿಟ್ಟಿದ್ದು, ಸರಿಯಾಗಿ ಒಂದ್ಸಲ ಕೇಳಿ.”

ಹಾಡು ಮತ್ತೆ ಶುರುವಾಯಿತು. ಮೆಲ್ಲಿ ಬಾಗಿಲ ಚೌಕಟ್ಟಿಗೆ ಒರಗಿ ಅಪ್ಪನನ್ನೇ ನೋಡುತ್ತಿದ್ದಳು. ಅವಳಿಗೆ ಈಗ ಹಾಡು ಸುತ್ತಲೂ ಸಮವಾಗಿ, ನಿಚ್ಚಳವಾಗಿ ಕೇಳುತ್ತಿತ್ತು. ಡಾಕ್ಟರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಪ್ಪ ಕತ್ತು ವಾರೆ ಮಾಡಿ ಕಾಯುತ್ತಿದ್ದ. ಉಸಿರು ಬರುವ ಜಾಗ ಹತ್ತಿರವಾಯಿತು. ಕುರ್ಚಿಯ ಕೈಮೇಲಿದ್ದ ಅವನ ಹೆಬ್ಬೆರಳು ಮೇಲೆದ್ದಿತು. ಉಸಿರು ಬಂತು, ಹೋಯಿತು, ಕೊಳಲೇ ಶುರುವಾಯಿತು. ಹೆಬ್ಬೆರಳು ಎದ್ದದ್ದು ಎದ್ದೇ ಇತ್ತು. ಗಾಜಿನ ಪೆಟ್ಟಿಗೆಯಲ್ಲಿ ಆ ಬೆರಳನ್ನು ಅವಳು ಎಷ್ಟೋ ಸಲ ನೋಡಿದ್ದಳು: ಈಗ ಬಂದೀತು, ಇನ್ನೇನು ಬಂದೀತು ಎಂದು ಬಟನ್ನಿನ ಮೇಲೆ ತೇಲುವ ಬೆರಳು.

ಅಪ್ಪ ಎದ್ದ. ಯಾರನ್ನೂ ನೋಡದೆ, “ಚೆನ್ನಾಗಿದೆ,” ಎಂದ. ಆಮೇಲೆ, “ತಗೊಂಡ್ಹೋಗಿ ಡಾಕ್ಟ್ರೇ. ಎಲ್ಲಾ ತಗೊಂಡ್ಹೋಗಿ. ಕಿವಿ ಇರೋರ ಹತ್ರ ಇರ್ಲಿ.”

ಅಣ್ಣ ಇದಕ್ಕೇ ಕಾದಿದ್ದವನು. ಟೆಂಪೋದವನನ್ನು ಆಗಲೇ ಬೀದಿಯ ತಿರುವಿನಲ್ಲಿ ನಿಲ್ಲಿಸಿದ್ದ. ಅವನಿಗೆ ಫೋನ್ ಮಾಡಿ, ಅಂಗಿಯ ತೋಳು ಮಡಚಿ, ಎಡ ಹಿಂಬದಿಯ ಸ್ಪೀಕರಿನ ವೈರಿಗೆ ಕೈಹಾಕಿದ.

“ಬಿಡು,” ಎಂದಳು ಮೆಲ್ಲಿ.

ಅಣ್ಣ ತಿರುಗಿದ. “ಏನು?”

“ಕೇಳಿಸ್ಲಿಲ್ವಾ? ಅದನ್ನ ಬಿಡು ಅಂದೆ.”

ಮನೆಯಲ್ಲಿ ಆ ದನಿಯನ್ನು ಯಾರೂ ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮೆಲ್ಲಿ ನೇರ ಆಂಪ್ಲಿಫೈಯರಿನ ಬಳಿ ಹೋದಳು. ಡಾಕ್ಟರು ಇಳಿಸಿದ್ದನ್ನೆಲ್ಲ ಒಂದೊಂದಾಗಿ ಮತ್ತೆ ಏರಿಸಿದಳು.

“ಅಯ್ಯೋ, ಅದು ತಪ್ಪು ಸೆಟ್ಟಿಂಗ್ ಕಣಮ್ಮ,” ಎಂದರು ಡಾಕ್ಟರು.

“ತಪ್ಪಾದ್ರೆ ತಪ್ಪು. ಈ ಮನೇಲಿ ಇದೇ ಸರಿ.” ಅವಳು ತಿರುಗಿ ನಿಂತಳು. “ಅಪ್ಪನ ಎಡಗಿವಿ ಮಂದ ಆಗಿದೆ. ಇವತ್ತು ನೆನ್ನೆ ಅಲ್ಲ. ತನ್ನ ಕಿವಿಗೆ ಸರಿಯಾಗಿ ಹಾಡನ್ನ ಕೂರಿಸ್ಕೊಂಡಿದ್ದಾನೆ. ನೀವು ಒಬ್ಬರಿಗೆ ಕನ್ನಡಕ ಬರ್ಕೊಡ್ತೀರಿ. ಅದನ್ನ ಹಾಕ್ಕೊಂಡು ನೋಡಿ ನಿಮಗೆ ಮಂಜುಮಂಜು ಕಂಡ್ರೆ, ಗಾಜು ಕೆಟ್ಟಿದೆ ಅಂತ ಅವರ ಮೂಗಿಂದ ಕಿತ್ಕೊಂಡ್ಬಿಡ್ತೀರಾ ಡಾಕ್ಟ್ರೇ?”

ಡಾಕ್ಟರು ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡರು.

ಸಿಡಿದದ್ದು ಅಪ್ಪ. “ಹೇಳು, ಹೇಳು! ಬೀದಿಗೆಲ್ಲ ಕೇಳೋ ಹಾಗೆ ಹೇಳು, ನಿಮ್ಮಪ್ಪ ಕಿವುಡ ಅಂತ! ಮೈಕ್ ತಂದುಕೊಡ್ಲಾ?”

“ಕೊಡು. ಹೇಳ್ತೀನಿ.”

“ನನಗೆ ಯಾವತ್ತೋ ಗೊತ್ತಿತ್ತು,” ಎಂದು ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. “ಬೈಯೋದಿದ್ರೆ ಎಡಗಡೆ ನಿಂತೇ ಬೈತಿದ್ದೆ. ಇಬ್ಬರಿಗೂ ನೆಮ್ಮದಿ.”

ಅಪ್ಪ ಅಮ್ಮನ ಮುಖವನ್ನೇ ನೋಡಿದ. ಎಷ್ಟು ವರ್ಷಗಳ ಬೈಗುಳ ತನಗೆ ತಪ್ಪಿಹೋಗಿತ್ತೆಂದು ಲೆಕ್ಕ ಹಾಕುವಂತಿತ್ತು ಆ ನೋಟ. ಸಿಟ್ಟು ಇಳಿದಿರಲಿಲ್ಲ, ಆದರೆ ಅದು ಮಗಳನ್ನು ಬಿಟ್ಟು ಬೇರೆ ಎಲ್ಲಿಗೋ ಹೊರಳಿದಂತಿತ್ತು.

“ಎಲ್ಲಾ ಸರಿ, ನನ್ನ ಕೌಂಟರ್?” ಎಂದ ಅಣ್ಣ. “ಕಂಪನಿಯವರಿಗೆ ಏನಂತ ಹೇಳ್ಲಿ? ನಮ್ಮಪ್ಪನಿಗೆ ಕೊಳಲು ಕೇಳ್ಬೇಕಂತೆ, ಪಾರ್ಸೆಲ್ ಬೀದೀಲಿ ಹಂಚ್ತೀನಿ ಅಂತನಾ?”

ಅಣ್ಣನ ಕಷ್ಟ ಸುಳ್ಳಲ್ಲ. ಹಿಂದಿನ ಕೆಲಸ ಹೋದಂದಿನಿಂದ ಅವನು ಕನ್ನಡಿಯ ಮುಂದೆ ನಿಲ್ಲುವುದನ್ನೂ ಬಿಟ್ಟಿದ್ದುದನ್ನು ಅವಳು ಕಂಡಿದ್ದಳು. “ನನ್ನ ಕೋಣೆ ತಗೋ,” ಎಂದಳು. “ಅದರ ಕಿಟಕಿ ಓಣಿಗಿದೆ. ಒಡೆಸಿ ಬಾಗಿಲು ಮಾಡಿಸ್ಕೋ. ನಾನು ಇಲ್ಲೇ ಮಲಗ್ತೀನಿ.”

“ಓಣಿಗೆ ಯಾರು ಬರ್ತಾರೆ?”

“ಪಾರ್ಸೆಲ್ ಬಂದಿದೆ ಅಂದ್ರೆ ಜನ ಬಾವಿಗೂ ಇಳೀತಾರೆ. ಬೋರ್ಡ್ ಹಾಕು.”

ಬಾಗಿಲು ಹಾಕಿಕೊಂಡರೆ ಯಾರೂ ಮಾತಾಡಿಸದ ಜಾಗ ಈ ಭೂಮಿಯ ಮೇಲೆ ಅವಳಿಗೆ ಆ ಕೋಣೆಯೊಂದೇ ಇದ್ದದ್ದು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಣ್ಣ ಏನೋ ಗೊಣಗಿಕೊಂಡು, ಟೆಂಪೋದವನನ್ನು ವಾಪಸು ಕಳಿಸಲು ಧಡಧಡ ಹೊರಗೆ ಹೋದ.

ಡಾಕ್ಟರು ಹೆಲ್ಮೆಟ್ಟು ಎತ್ತಿಕೊಂಡರು. “ಕಾಯಿದೆ ಪ್ರಕಾರ ನಾನು ಪಾಸಾಗಿದ್ದೆ,” ಎಂದರು. ಹೇಳಿದ್ದು ಅಪ್ಪನಿಗೆ.

“ಪಾಸು, ಇಲ್ಲ ಅನ್ನಲ್ಲ,” ಎಂದ ಅಪ್ಪ. “ಆದ್ರೆ ಅಂಗಡಿ ಮುಚ್ಚಿದೆ. ಮುಚ್ಚಿದ ಅಂಗಡಿಗೆ ಎಂಥ ಕಾಯಿದೆ?”

“ಹಾಗಾದ್ರೆ ಕೇಳೋಕಾದ್ರೂ ಬರ್ಬಹುದಾ, ಭಾನುವಾರ?”

“ಬನ್ನಿ. ಯಾವ ಗುಂಡೀನೂ ಮುಟ್ಟೋ ಹಾಗಿಲ್ಲ.”

ಅವರು ಹೋದ ಮೇಲೆ ಕೋಣೆಯಲ್ಲಿ ತಂದೆ ಮಗಳು ಇಬ್ಬರೇ ಉಳಿದರು. ಅಪ್ಪ ಡಿಸ್ಕುಗಳ ಸಾಲಿನ ಮುಂದೆ ಬೆನ್ನು ತಿರುಗಿಸಿ ನಿಂತು, ಸರಿಯಾಗೇ ಇದ್ದ ಡಬ್ಬಿಗಳನ್ನು ಸರಿಪಡಿಸಿದ. ಮೆಲ್ಲಿ ಬೈಗುಳಕ್ಕಾಗಿ ಕಾದಳು. ಬೈಗುಳ ಬರಲಿಲ್ಲ. ಅಪ್ಪ ಹೋಗಿ ಬೀದಿಯ ಕಡೆಯ ಎರಡೂ ಕಿಟಕಿಗಳನ್ನು ಪೂರ್ತಿ ತೆರೆದ.

“ಅಕ್ಕಪಕ್ಕದೋರು ಏನಂದುಕೋತಾರೆ!” ಎಂದು ಅಮ್ಮ ಒಳಗಿನಿಂದ ಕೂಗಿದಳು.

“ಏನು ಬೇಕಾದ್ರೂ ಅಂದುಕೊಳ್ಲಿ,” ಎಂದು ಅಪ್ಪ ಕುರ್ಚಿಯಲ್ಲಿ ಕೂತ. ಮಗಳ ಕಡೆ ನೋಡದೆ, ಗೋಡೆಗೆ ಹೇಳುವಂತೆ ಹೇಳಿದ:

“ಎಡಕ್ಕೆ ಇನ್ನೊಂಚೂರು ಏರ್ಸು. ಇಲ್ಲ, ಅಷ್ಟು ಸಾಲ್ದು. ಇನ್ನೂ ಜಾಸ್ತಿ.”