ಪಾರ್ವತಿಯ ದೀಕ್ಷೆ

ಬಸವ ಜಯಂತಿಯ ಬೆಳಿಗ್ಗೆ ಕೋಲ್ಕತ್ತದ ಸದರ್ನ್ ಅವೆನ್ಯೂ ಪಕ್ಕದ ಗಲ್ಲಿಯಲ್ಲಿ ಟ್ಯಾಕ್ಸಿಯಿಂದ ಇಳಿದಾಗ, ಸಭಾಭವನದ ಬಾಗಿಲಲ್ಲಿ ಚಂದ್ರಶೇಖರ ನಿಂತಿರುವುದು ದೇವೇಂದ್ರನಿಗೆ ಕಂಡಿತು. ಕನ್ನಡಿಗರ ಬಳಗದ ಕಾರ್ಯದರ್ಶಿಯಾದ ಅವರು ಬಂದವರಿಗೆಲ್ಲ ತಾವೇ ವಿಭೂತಿ ಹಚ್ಚಿ ಒಳಗೆ ಕಳಿಸುತ್ತಿದ್ದರು. ದೇವೇಂದ್ರನ ಹಿಂದೆಯೇ ಇಳಿದ ಪಾರ್ವತಿಯನ್ನು ಕಂಡ ಕೂಡಲೇ ವಿಭೂತಿಯ ತಟ್ಟೆಯನ್ನು ಪಕ್ಕದವರ ಕೈಗಿತ್ತು ಮೆಟ್ಟಿಲಿಳಿದು ಬಂದರು.

"ಬೇಡ ಅಂತ ಫೋನಲ್ಲೇ ಹೇಳಿದ್ನಲ್ಲ ದೇವೇಂದ್ರ. ಇಲ್ಲಿ ಹೆಂಗಸರು, ಮಕ್ಕಳು ಎಲ್ಲ ಇದ್ದಾರೆ."

"ಆಕೀನೂ ಹೆಣ್ಣಮಗಳ ಸರ್. ದೀಕ್ಷಾ ತಗೊಳ್ಳಾಕ ಬಂದಾಳ. ದೀಕ್ಷಾ ಕೊಡೂ ಅಯ್ನಾರು ಒಪ್ಪ್ಯಾರ."

"ಒಳಗೆ ಹೋದ್ರೆ ನಾನು ಪೊಲೀಸರನ್ನ ಕರೆಸ್ತೀನಿ. ಆಮೇಲೆ ನನ್ನನ್ನ ಅನ್ಬೇಡಿ."

ಪಾರ್ವತಿ ಸೆರಗನ್ನು ಭುಜದ ಮೇಲೆ ಬಿಗಿಯಾಗಿ ಎಳೆದುಕೊಂಡಳು. ದೇವೇಂದ್ರ ಆಕೆಯ ಮುಂದೆ ನಡೆದು ಮೆಟ್ಟಿಲು ಹತ್ತಿದ.

ದೇವೇಂದ್ರ ಹುಟ್ಟಿದ್ದು ಧಾರವಾಡದಲ್ಲಾದರೂ ಬೆಳೆದದ್ದೆಲ್ಲ ಕೋಲ್ಕತ್ತದಲ್ಲಿ. ತಂದೆ ರೈಲ್ವೆ ನೌಕರಿಗೆಂದು ಬಂದು ಇಲ್ಲಿಯೇ ತೀರಿಕೊಂಡರು. ತಾಯಿ ಗಂಗೂಬಾಯಿ ಲೇಕ್ ಮಾರ್ಕೆಟ್ಟಿನ ಹತ್ತಿರದ ಹಳೆಯ ಬಾಡಿಗೆ ಮನೆಯನ್ನು ಬಿಟ್ಟು ಬರಲು ಒಪ್ಪದ್ದರಿಂದ ದೇವೇಂದ್ರನೊಬ್ಬನೇ ಕಸ್ಬಾದಲ್ಲಿ ಎರಡು ಕೋಣೆಯ ಫ್ಲ್ಯಾಟ್ ಹಿಡಿದಿದ್ದ. ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಅವನು ಮ್ಯಾನೇಜರು. ವರ್ಷಕ್ಕೊಂದು ಹೊಸ ಗಾಜಿನ ಕಟ್ಟಡ ಏಳುತ್ತಿದ್ದ, ಬೆಂಗಳೂರಿನಿಂದಲೂ ಹುಡುಗರು ಕೆಲಸಕ್ಕೆ ಬರುತ್ತಿದ್ದ ಕಾಲ ಅದು. ಮದುವೆಯ ಮಾತೆತ್ತಿದಾಗಲೆಲ್ಲ ಅವನು ಕೆಲಸದ ನೆಪ ಹೇಳುತ್ತಿದ್ದ. ಗಂಗೂಬಾಯಿ ಕೆಲವು ವರ್ಷಗಳಿಂದ ಆ ಮಾತೆತ್ತುವುದನ್ನೇ ಬಿಟ್ಟಿದ್ದಳು. ವಾರಕ್ಕೊಮ್ಮೆ ಹೆಂಗಸರು ವಚನ ಹಾಡಲು ಸೇರುವ ಅಕ್ಕನ ಬಳಗಕ್ಕೆ ಹೋಗಿ ಬರುತ್ತಿದ್ದಳು.

ಶನಿವಾರ ಮಧ್ಯಾಹ್ನ ಅವನ ಫ್ಲ್ಯಾಟಿನಲ್ಲಿ ಜನ ಸೇರುತ್ತಿದ್ದರು. ಗಂಡನ್ನು ಪ್ರೀತಿಸುವ ಗಂಡಸರು, ಹೆಣ್ಣನ್ನು ಪ್ರೀತಿಸುವ ಹೆಂಗಸರು, ಹುಟ್ಟಿದ ಮೈಯೊಳಗೆ ನಿಲ್ಲಲಾಗದವರು. ಅಂಥವರ ಬೇರೆ ಗುಂಪುಗಳೂ ಊರಲ್ಲಿದ್ದವು. ಆದರೆ ಅಲ್ಲಿ ದೇವರ ಸುದ್ದಿ ತೆಗೆದರೆ ನಗುತ್ತಿದ್ದರು. ಗುಡಿ, ಮಸೀದಿ, ಚರ್ಚಿನಲ್ಲಿ ಇವರ ಸುದ್ದಿ ತೆಗೆದರೆ ಹೊರಗೆ ಹಾಕುತ್ತಿದ್ದರು. ಎರಡೂ ಕಡೆ ಸಲ್ಲದವರು ದೇವೇಂದ್ರನ ಮನೆಗೆ ಬರುತ್ತಿದ್ದರು. ಒಬ್ಬ ನಮಾಜು ಮಾಡುವಾಗ ಇನ್ನೊಬ್ಬಳು ಮೂಲೆಯಲ್ಲಿ ಜಪಮಾಲೆ ಹಿಡಿದಿರುತ್ತಿದ್ದಳು. ದೇವೇಂದ್ರ ಲಿಂಗಪೂಜೆ ಮಾಡಿಕೊಂಡು ಎಲ್ಲರಿಗೂ ಅವಲಕ್ಕಿ ಕೊಡುತ್ತಿದ್ದ. ಆಮೇಲೆ ಯಾರ ಮನೆಯಲ್ಲಿ ಸಾವಾದಾಗ ಯಾರನ್ನು ಹೆಣದ ಹತ್ತಿರ ಬಿಡಲಿಲ್ಲ, ಯಾವ ಪಾದ್ರಿಯ ಜೊತೆ ಮಾತನಾಡಬಹುದು ಎಂಬ ಚರ್ಚೆ. ಹಾಗೆ ಮಾತನಾಡಲು ಹೋಗುವವನು ಯಾವಾಗಲೂ ದೇವೇಂದ್ರನೇ.

ಪಾರ್ವತಿ ಸಿಕ್ಕಿದ್ದು ಕಸ್ಬಾದ ಒಂದು ಟೇಲರ್ ಅಂಗಡಿಯಲ್ಲಿ. ಅವನು ಫೋನಿನಲ್ಲಿ ತಾಯಿಯೊಂದಿಗೆ ಮಾತನಾಡುವುದನ್ನು ಕೇಳಿ, ರವಿಕೆ ಹೊಲಿಯುತ್ತಿದ್ದ ಆಕೆ ಯಂತ್ರ ನಿಲ್ಲಿಸಿ, "ಅಣ್ಣಾ, ನೀವು ಧಾರವಾಡ ಕಡೆಯವರೇನು?" ಎಂದು ಕೇಳಿದ್ದಳು. ಬೈಲಹೊಂಗಲದ ಹತ್ತಿರದ ಹಳ್ಳಿಯವಳು. ಗಂಡುಮಗನೆಂದು ಬೆಳೆಸಿದ ಮನೆಯವರು, ಸೀರೆ ಉಟ್ಟದ್ದನ್ನು ಕಂಡು ಹೊರಗೆ ದಬ್ಬಿದ್ದರು. ದಬ್ಬುವಾಗ ಅವಳ ಅಣ್ಣ ಕೊರಳಿನ ಲಿಂಗ ಕಿತ್ತುಕೊಂಡಿದ್ದ. ಪೆಟ್ಟುಗಳನ್ನೆಲ್ಲ ಮರೆತೆ, ಅದನ್ನು ಮರೆಯಲಾಗಲಿಲ್ಲ ಎಂದು ಪಾರ್ವತಿ ಹೇಳಿದ್ದಳು. ಈಗಲೂ ನಿದ್ದೆಗಣ್ಣಿನಲ್ಲಿ ಕೈ ಎದೆಯ ಮೇಲೆ ಹೋಗುತ್ತದೆಯಂತೆ.

ಬಳಗದ ಮನೆಗಳಲ್ಲಿ ಲಿಂಗ ಕಟ್ಟುತ್ತಿದ್ದವರು ದೊಡ್ಡಯ್ಯನವರು. ರೈಲ್ವೆ ಕಚೇರಿಯಲ್ಲಿ ಕೆಲಸ ಮಾಡುವ, ಗದಗಿನ ಕಡೆಯ ವಯಸ್ಸಾದ ಜಂಗಮರು. ದೇವೇಂದ್ರ ಮೂರು ಸಲ ಅವರ ಕ್ವಾರ್ಟರ್ಸಿಗೆ ಹೋಗಿ ಕೂತು ವಾದಿಸಿದ್ದ. "ಲಿಂಗಕ್ಕ ಗಂಡು ಹೆಣ್ಣು ಅನ್ನೂದಿಲ್ಲ ಅಂತ ನೀವ ಹೇಳ್ತೀರಿ. ಮತ್ತ ಈಕೀಗೆ ಯಾಕ ಇಲ್ಲ?" ಕೊನೆಯ ಸಲ ಅವರು, "ಜಯಂತಿ ದಿನ ಕರಕೊಂಡ ಬಾ," ಎಂದಿದ್ದರು.

ಸಭಾಭವನ ತುಂಬಿತ್ತು. ದೀಕ್ಷೆಗೆ ಮೂವರು ಮಕ್ಕಳು ಸಾಲಾಗಿ ಚಾಪೆಯ ಮೇಲೆ ಕೂತಿದ್ದರು. ಅವರ ಪಕ್ಕದಲ್ಲಿ ಪಾರ್ವತಿ ಹೋಗಿ ಕೂತಾಗ ಒಬ್ಬ ತಾಯಿ ಬಂದು ತನ್ನ ಮಗಳನ್ನು ರೆಟ್ಟೆ ಹಿಡಿದು ಎಬ್ಬಿಸಿಕೊಂಡು ಹೋದಳು. ಭಜನೆ ನಿಂತಿತು. ಮುಂದಿನ ಸಾಲಿನಲ್ಲಿದ್ದ ಗಂಗೂಬಾಯಿ ಮಗನನ್ನೂ ಪಾರ್ವತಿಯನ್ನೂ ನೋಡಿ, ಮತ್ತೆ ತನ್ನ ತೊಡೆಯ ಮೇಲಿನ ಕೈಗಳನ್ನೇ ನೋಡುತ್ತ ಕೂತಳು.

ದೊಡ್ಡಯ್ಯನವರು ಉಳಿದ ಇಬ್ಬರು ಮಕ್ಕಳಿಗೆ ಲಿಂಗ ಕಟ್ಟಿದರು. ಪಾರ್ವತಿಯ ಮುಂದೆ ಬಂದಾಗ ಅವರ ಕೈ ತಡೆಯಿತು. ಅಷ್ಟರಲ್ಲಿ ಬಾಗಿಲಲ್ಲಿ ಬೂಟಿನ ಸದ್ದಾಯಿತು.

ಬಂದವನು ಹತ್ತಿರದ ಠಾಣೆಯ ಸಬ್‌ಇನ್ಸ್‌ಪೆಕ್ಟರ್, ಜೊತೆಗೊಬ್ಬ ಕಾನ್‌ಸ್ಟೇಬಲ್. ಬೂಟು ಹೊರಗೆ ಬಿಡಬೇಕೋ ಬೇಡವೋ ಎಂದು ತಿಳಿಯದೆ ಹೊಸ್ತಿಲಲ್ಲೇ ನಿಂತು, ಚಾಪೆಯ ಮೇಲೆ ಕೂತವಳನ್ನು ಎದ್ದು ಬಾ ಎಂದು ಬಂಗಾಳಿಯಲ್ಲಿ ಕರೆದ. ಗಲಾಟೆ ಮಾಡುತ್ತಿದ್ದಾಳೆಂದು ದೂರು ಬಂದಿದೆ, ಠಾಣೆಗೆ ಬರಬೇಕು ಎಂದ. ಪಾರ್ವತಿಗೆ ಠಾಣೆ ಹೊಸದಲ್ಲ. ಏಳಲು ನೆಲಕ್ಕೆ ಕೈ ಊರಿದಳು.

"ಏಳಬ್ಯಾಡ," ಎಂದ ದೇವೇಂದ್ರ. ಅವಳಿಗೂ ಬಾಗಿಲಿಗೂ ನಡುವೆ ಬಂದು ನಿಂತು, ಇಲ್ಲಿ ಯಾರೂ ಗಲಾಟೆ ಮಾಡಿಲ್ಲ, ಇದು ಪೂಜೆ ಎಂದು ಬಂಗಾಳಿಯಲ್ಲಿ ಹೇಳಿದ.

ನೀನು ಯಾರು, ಇವಳಿಗೂ ನಿನಗೂ ಏನು ಸಂಬಂಧ, ಇಂಥವರ ಪರ ನಿನಗೇಕೆ ಎಂದು ಸಬ್‌ಇನ್ಸ್‌ಪೆಕ್ಟರ್ ದನಿ ಏರಿಸಿದ.

ಉತ್ತರ ದೇವೇಂದ್ರನ ಬಾಯಿಂದ ಕನ್ನಡದಲ್ಲೇ ಬಂತು. "ನಾನೂ ಅಂಥಾವನ ಇದ್ದೀನಿ. ನನಗ ಹೆಣ್ಣಿನ ಮ್ಯಾಲೆ ಯಾವತ್ತೂ ಮನಸು ಬಂದಿಲ್ಲ. ಈಕೀನ್ನ ಒಯ್ಯೂದಾದ್ರ ನನ್ನೂ ಒಯ್ಯಿರಿ."

ಇಡೀ ಸಭಾಭವನಕ್ಕೆ ಕೇಳಿಸಿತು. ಅರ್ಥವಾಗದವರು ಇಬ್ಬರೇ, ಖಾಕಿ ತೊಟ್ಟವರು. ಸಬ್‌ಇನ್ಸ್‌ಪೆಕ್ಟರ್ ಚಂದ್ರಶೇಖರರ ಕಡೆ ತಿರುಗಿ, ಏನೆಂದ ಎಂದು ಕೇಳಿದ.

ಸಲಿಂಗಕಾಮವನ್ನು ಅಪರಾಧವೆನ್ನುವ ಮುನ್ನೂರ ಎಪ್ಪತ್ತೇಳನೆಯ ಕಲಮಿನ ಹೆಸರು ಹೇಳಿ ಪೊಲೀಸರು ಎಂಥೆಂಥವರನ್ನು ಹೇಗೆ ಸುಲಿದಿದ್ದಾರೆಂದು ಶನಿವಾರಗಳಂದು ಅವನು ಸಾಕಷ್ಟು ಕೇಳಿದ್ದ. ಕಂಪನಿಗೆ ಒಂದು ಫೋನು ಹೋದರೆ ಸಾಕಿತ್ತು. ಚಂದ್ರಶೇಖರ ತುಟಿ ಒದ್ದೆ ಮಾಡಿಕೊಂಡರು. ಮುಂದಿನ ಸಾಲಿನಲ್ಲಿ ತಲೆತಗ್ಗಿಸಿ ಕೂತಿದ್ದ ಗಂಗೂಬಾಯಿಯನ್ನು ನೋಡಿದರು. ದೇವೇಂದ್ರನ ತಂದೆ ಇದ್ದಾಗ ಚಂದ್ರಶೇಖರ ಆಕೆಯ ಕೈಯ ರೊಟ್ಟಿ ಎಷ್ಟೋ ಸಲ ಉಂಡವರು.

"ಏನಿಲ್ಲ," ಎಂದು ಹಿಂದಿಯಲ್ಲಿ ಹೇಳಿದರು, "ನಮ್ಮ ಮನೆ ಜಗಳ. ನಾವೇ ನೋಡ್ಕೋತೀವಿ."

ಸಬ್‌ಇನ್ಸ್‌ಪೆಕ್ಟರ್ ಗೊಣಗುತ್ತ ಹೊರಟುಹೋದ. ಜೀಪಿನ ಸದ್ದು ಮರೆಯಾಯಿತು. ಆಮೇಲೆ ಚಂದ್ರಶೇಖರ ದೇವೇಂದ್ರನ ಮುಖ ನೋಡದೆ ಹೇಳಿದರು: "ಇಬ್ಬರೂ ಹೋಗಿ. ಇನ್ಮೇಲೆ ಬಳಗಕ್ಕೆ ಬರ್ಬೇಡಿ."

ದೊಡ್ಡಯ್ಯನವರು ಆ ಇಬ್ಬರ ಹಿಂದೆಯೇ ಗಲ್ಲಿಗೆ ಬಂದರು. "ತಂಗೀ, ನಾಳೆ ಮುಂಜಾನೆ ನಮ್ಮ ಮನಿಗೆ ಬಾ. ಅಲ್ಲೇ ಕಟ್ಟತೀನಿ."

"ಮನಿಯಾಗ ಯಾಕ್ರೀ?" ದೇವೇಂದ್ರ ಸಿಡಿದ. "ಕಳ್ಳರಂಗ ಯಾಕ ತಗೋಬೇಕು? ಆ ಹುಡುಗರಿಗೆ ಮಂದಿ ಮುಂದ ಕಟ್ಟಿದ್ರಿ. ಈಕೀಗೂ ಮಂದಿ ಮುಂದನ ಆಗಬೇಕು. ಇಲ್ಲಾಂದ್ರ ಬ್ಯಾಡ."

"ಅಣ್ಣಾ," ಎಂದಳು ಪಾರ್ವತಿ. ಅಷ್ಟು ಗಟ್ಟಿಯಾಗಿ ಅವಳು ಮಾತನಾಡಿದ್ದನ್ನು ಅವನು ಕೇಳಿರಲಿಲ್ಲ. "ಬ್ಯಾಡ ಅನ್ನಾಕ ನೀ ಯಾರು? ನಿನ್ನ ಕೊರಳಾಗ ಐತಿ, ಅದಕ್ಕ ನಿನಗ ಹಟ ಐತಿ. ನನಗ ಅದು ಬೇಕು. ಅಡಗಿಮನಿಯಾಗ ಕಟ್ಟಲಿ, ಸಂದ್ಯಾಗ ಕಟ್ಟಲಿ. ನಾ ಹೋಗಾಕಿ."

ಅವಳು ಮುಂದುವರಿಸಿದಳು: "ನೀ ಬರಬ್ಯಾಡ. ನೀ ಬಂದ್ರ ಇಡೀ ಕ್ವಾರ್ಟರ್ಸಿಗೆ ಗೊತ್ತಾಗತೈತಿ."

ಮರುದಿನ ಅವನು ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಒಂದಕ್ಷರವನ್ನೂ ಓದಲಾಗದೆ ಫೋನು ನೋಡುತ್ತಿದ್ದ. ಊಟದ ಹೊತ್ತಿಗೆ ಪಾರ್ವತಿಯ ಕರೆ ಬಂತು. ಮೊದಲು ಬರೀ ಅಳು. ನಂತರ ಹೇಳಿದಳು: "ಹೆಸರು ಕೇಳಿದ್ರು. ಪಾರ್ವತಿ ಅಂದೆ. ಅದ ಹೆಸರು ಹಿಡದು ಕಿವ್ಯಾಗ ಮಂತ್ರಾ ಹೇಳಿದ್ರು ಅಣ್ಣಾ." ಅವನು ಮೆಟ್ಟಿಲ ಕಡೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತ. ಸಂತೋಷವೇ ಆಗಿತ್ತು, ಜೊತೆಗೆ, ಎಲ್ಲವೂ ತಾನಿಲ್ಲದೆಯೇ ನಡೆಯಿತಲ್ಲ ಎಂಬ ಸಣ್ಣ ನೋವೂ ಇತ್ತು.

ವಿಷಯ ಹೇಗೋ ಬಯಲಾಯಿತು. ಬಳಗದ ಹಲವು ಮನೆಗಳು ದೊಡ್ಡಯ್ಯನವರನ್ನು ಕರೆಯುವುದನ್ನು ಬಿಟ್ಟವು. ದೇವೇಂದ್ರ ಕ್ಷಮೆ ಕೇಳಲು ಹೋದಾಗ ಅವರು, "ಮಾಡಿದ್ದು ತಪ್ಪಂತ ನನಗ ಅನಸಿಲ್ಲ. ಅಂಜಿದ್ದು ತಪ್ಪು," ಎಂದಷ್ಟೇ ಹೇಳಿ ಒಳಗೆ ಹೋದರು.

ತಾಯಿಯ ಮನೆಗೆ ಹೋಗಲು ಮಾತ್ರ ಅವನಿಗೆ ಧೈರ್ಯ ಸಾಲಲಿಲ್ಲ. ಫೋನು ಮಾಡಿದರೆ ಗಂಗೂಬಾಯಿ ಎತ್ತುತ್ತಿರಲಿಲ್ಲ. ಕೊನೆಗೊಂದು ಭಾನುವಾರ ಸಂಜೆ ಹೋಗಿ ಬಾಗಿಲು ತಟ್ಟಿದ. ಆಕೆ ಬಾಗಿಲು ತೆಗೆದು, ಕುಳಿತುಕೊ ಎಂದೂ ಹೇಳದೆ, ಎದುರಿಗೆ ನಿಂತಳು.

"ನನಗ ಗೊತ್ತಿರಲಿಲ್ಲ ಅಂತ ತಿಳದಿದ್ದೇನು? ಎಂದ ಹೇಳತಾನ, ಎಂದ ಹೇಳತಾನ ಅಂತ ಕಾಯಕೋತ ಕೂತಿದ್ದೆ. ಪೊಲೀಸನ ಮುಂದ ಹೇಳಾಕ ಬಾಯಿ ಬಂತು. ನಿನ್ನ ಹಡದಾಕಿ ಮುಂದ ಬರಲಿಲ್ಲ."

"ಅಂಜಿದ್ದೆ ಅವ್ವಾ."

"ಪೊಲೀಸಗಿಂತ ನಾ ಕೆಟ್ಟಾಕೇನು?"

ಅವನಿಗೆ ನಿಂತಲ್ಲೇ ಅಳು ಬಂತು. ಆಕೆ ಅವನನ್ನು ಸಮಾಧಾನ ಮಾಡಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದು ಮೇಜಿನ ಮೇಲೆ ಇಟ್ಟು ತಾನು ಕುರ್ಚಿಯಲ್ಲಿ ಕೂತಳು.

"ಚಂದ್ರಶೇಖರನ ಹೇಂತಿ ಫೋನ್ ಮಾಡಿದ್ಲು," ಎಂದಳು. "ಈ ಸಲ ಅಕ್ಕನ ಬಳಗಕ್ಕ ಬರಬ್ಯಾಡ್ರಿ, ಮಂದಿ ಏನೇನರ ಮಾತಾಡತಾರ ಅಂದ್ಲು. ನಾ ಇವತ್ತ ಹೋಗಿ ಬಂದೆ."

ದೇವೇಂದ್ರ ತಲೆಯೆತ್ತಿದ. "ಏನರ ಅಂದ್ರೇನು?"

"ಯಾರ ಏನ ಅಂತಾರ? ಯಾರೂ ಮಗ್ಗಲದಾಗ ಬಂದು ಕೂಡಲಿಲ್ಲ. ಹಿಂಗಾಗಿ ಜಾಗಾ ಭಾಳ ಇತ್ತು. ಕಾಲು ಚಾಚಿಕೊಂಡು ಕೂತೆ." ಗಂಗೂಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಕಣ್ಣೀರೋ ಅವನಿಗೆ ತಿಳಿಯಲಿಲ್ಲ. "ಬರೂ ವಾರನೂ ಹೋಗಾಕಿ ಇದ್ದೀನಿ. ಒಬ್ಬಾಕಿಗೆ ಬ್ಯಾಸರಾಗತೈತಿ. ಆ ಪಾರ್ವತೀಗೆ ಅಂಜಿಕಿ ಇಲ್ಲಂದ್ರ ಕೇಳಿ ನೋಡು, ನನ್ನ ಜೋಡಿ ಬರತಾಳೇನು."