ಕ್ಯಾಮೆರಾ ತರಬೇಡ

"ಉಸಿರು ಬಿಡಬೇಡ" ಎಂದಳು ಗ್ವೆಂಡಾ. ರೂಪದರ್ಶಿ ಟಿಲ್ಲಿಯ ಬೆನ್ನ ಮೇಲೆ ಆರನೆಯ ಕ್ಲಿಪ್ಪು ಕಚ್ಚಿಕೊಂಡಿತು. ಎದುರಿನಿಂದ ನೋಡಿದರೆ ಮದುವೆಯ ಗೌನು ಅವಳ ಮೈಗೇ ಹೊಲಿದಂತಿತ್ತು. ಹಿಂದೆ ಮಾತ್ರ ಬಟ್ಟೆಯನ್ನು ಮುದುಡಿ, ಒಣಹಾಕುವ ಹಗ್ಗದ ಮೇಲಿನಂತೆ ಸಾಲಾಗಿ ಕ್ಲಿಪ್ಪು ಹಾಕಿತ್ತು. ಜಾಹೀರಾತಿನ ಚಿತ್ರದಲ್ಲಿ ಹಿಂದಿನಿಂದ ಯಾರೂ ನೋಡುವುದಿಲ್ಲವಾದ್ದರಿಂದ ಅದರ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ.

ಡೆಸ್ಮಂಡ್ ಕ್ಯಾಮೆರಾ ಸರಿಮಾಡುವ ನೆಪದಲ್ಲಿ ಕೈಗಡಿಯಾರ ನೋಡಿಕೊಂಡ. ಹನ್ನೊಂದೂ ಕಾಲು. ಮಧ್ಯಾಹ್ನ ಮೂರಕ್ಕೆ, ಲಡ್ಲೋ ಪಟ್ಟಣದ ನೋಂದಣಿ ಕಚೇರಿಯಲ್ಲಿ, ಅವನ ಒಬ್ಬಳೇ ಮಗಳು ಹೆಟ್ಟಿಯ ಮದುವೆ. ಥಾರ್ನ್‌ಲೋ ಹಾಲ್ ಎಂಬ ಈ ಹಳೆಯ ಬಂಗಲೆಯಿಂದ ಅಲ್ಲಿಗೆ ಕಾರಿನಲ್ಲಿ ನಲವತ್ತು ನಿಮಿಷದ ದಾರಿ.

ಅವಳ ಕಾಗದ ಕೋಟಿನ ಒಳಜೇಬಿನಲ್ಲಿತ್ತು. 'ಅಪ್ಪ, ನನ್ನ ಮದುವೆಗೆ ಬಾ. ಕ್ಯಾಮೆರಾ ತರಬೇಡ.' ಅಷ್ಟೇ.

ಮೊದಲ ಮಾತಿಗೆ ಅವನು ಒಂದು ವಾರ ಖುಷಿಯಾಗಿದ್ದ. ಎರಡನೆಯದು ಆಮೇಲೆ ನಿಧಾನವಾಗಿ ಚುಚ್ಚತೊಡಗಿತು. ಕ್ಯಾಮೆರಾ ಇಲ್ಲದೆ ಹೋದರೆ ಕೈಗಳನ್ನು ಎಲ್ಲಿಡುವುದು? ಅಳು ಬಂದರೆ ಮುಖವನ್ನು ಯಾವುದರ ಹಿಂದೆ ಅಡಗಿಸುವುದು? ಹೆಟ್ಟಿಯ ಮೊದಲ ಹೆಜ್ಜೆಗೆ, ಶಾಲೆಯ ನಾಟಕಕ್ಕೆ, ಆಸ್ಪತ್ರೆಯಲ್ಲಿ ಅವಳ ಅಮ್ಮನ ಕೊನೆಯ ವಾರಕ್ಕೆ, ಎಲ್ಲದಕ್ಕೂ ಅವನು ಹಾಜರಿದ್ದ, ಕ್ಯಾಮೆರಾದ ಹಿಂದೆ. ಅಮ್ಮ ತೀರಿಕೊಂಡ ದಿನ ಹನ್ನೆರಡು ವರ್ಷದ ಹೆಟ್ಟಿ ಅವನ ಕಡೆ ಕೈ ಚಾಚಿದಳು. ಅವನ ಕೈ ಖಾಲಿಯಿರಲಿಲ್ಲ. ಆ ಚಾಚಿದ ಕೈಯ ಚಿತ್ರ ಬಹಳ ಚೆನ್ನಾಗಿ ಬಂತು. ಅದಕ್ಕೊಂದು ಬಹುಮಾನವೂ ಬಂತು.

ಮದುವೆಯ ದಿನ ಕೆಲಸವಿದೆ, ಬದಲಾಯಿಸಲಾಗದು ಎಂದು ಮಗಳಿಗೆ ಉತ್ತರ ಬರೆದ. ಬರೆದದ್ದು ಸುಳ್ಳಾಗಬಾರದೆಂದು ಆಮೇಲೆ ಗ್ವೆಂಡಾಗೆ ಫೋನ್ ಮಾಡಿ, ಮುಂದಿನ ವಾರವಿದ್ದ ಕೆಲಸವನ್ನು ಈ ದಿನಕ್ಕೇ ಹಾಕಿಸಿಕೊಂಡ.

"ತುಟಿಯಿಂದ ಕೆಳಗೆ ಮಾತ್ರ ತೆಗಿ" ಎಂದಳು ಗ್ವೆಂಡಾ. ಗೌನಿನ ಕಂಪನಿಯವಳು, ಹದಿನೈದು ವರ್ಷದಿಂದ ಅವನಿಗೆ ಅದನ್ನೇ ಹೇಳುತ್ತಿದ್ದಳು. "ಮುಖ ಬಂದ್ರೆ ಅದು ಇವಳ ಗೌನಾಗುತ್ತೆ. ಕೊಳ್ಳೋಳು ತನ್ನ ಮುಖ ಇಟ್ಟು ನೋಡ್ಕೋಬೇಕು."

"ಮತ್ತೆ ಬೆಳಿಗ್ಗೆ ಎರಡು ಗಂಟೆ ಹೊತ್ತು ನನ್ನ ಮುಖಕ್ಕೆ ಬಳಿದ್ರಲ್ಲ, ಅದ್ಯಾಕೆ?" ಎಂದಳು ಟಿಲ್ಲಿ.

"ನಿನ್ನ ಸಮಾಧಾನಕ್ಕೆ ಕಣೇ."

ಕಿಟಕಿಯ ಬಳಿ ಬೇಲಿಸ್ ಕೂತಿದ್ದ. ನಿವೃತ್ತ ಮೇಷ್ಟ್ರು; ಸಂಬಳವಿಲ್ಲದೆ ಈ ಮನೆಯ ಕೋಣೆ ಕಾಯುತ್ತಿದ್ದ. ಗೋಡೆಗೆ ಹೊದಿಸಿದ ಹಳದಿ ರೇಷ್ಮೆ ಬಿಸಿಲಿಗೆ ಸವೆಯುವುದರಿಂದ ಕೋಣೆಗೆ ದಿನಕ್ಕೆ ಇಷ್ಟೇ ಬೆಳಕು ಎಂದು ನಿಗದಿಯಾಗಿತ್ತು.

"ಮುನ್ನೂರು ವರ್ಷದ್ದು ಸಾರ್. ನಾವು ನೋಡಿದಷ್ಟೂ ಅದು ಸಾಯುತ್ತೆ. ಮೂರೂ ಹತ್ತಕ್ಕೆ ಸರಿಯಾಗಿ ಪರದೆ ಇಳಿಸ್ತೀನಿ, ಬೇಜಾರು ಮಾಡ್ಕೋಬೇಡಿ."

"ಮೂರೂ ಹತ್ತರವರೆಗೆ ಕೆಲಸ ಇದೆ" ಎಂದ ಡೆಸ್ಮಂಡ್, ಯಾರೂ ಕೇಳದಿದ್ದರೂ.

ಆದರೆ ಟಿಲ್ಲಿ ಚುರುಕು. ಒಂದೂವರೆಗೆಲ್ಲ ಒಂಬತ್ತು ಗೌನುಗಳೂ ಮುಗಿದವು. ಉಳಿದದ್ದು ಒಂದೇ ಚಿತ್ರ: ಮದುಮಗಳನ್ನು ಅಪ್ಪ ತೋಳು ಹಿಡಿಸಿ ಕರೆತರುವುದು. ಅಪ್ಪನಾಗಬೇಕಿದ್ದವನು ಬರಲಿಲ್ಲ.

"ಬಾಡಿಗೆ ಅಪ್ಪನೂ ಕೈಕೊಟ್ಟ" ಎಂದಳು ಗ್ವೆಂಡಾ. "ಹೋಗ್ಲಿ, ಅದಿಲ್ದಿದ್ರೂ ನಡೆಯುತ್ತೆ. ನೀನು ಮನೆಗೆ ಹೋಗಯ್ಯ. ಬೆಳಿಗ್ಗೆಯಿಂದ ಹೆಣದ ಥರ ಇದೀಯ."

ನೆಪವೆಲ್ಲ ಮುಗಿದಿತ್ತು. ಅವನಿಗೆ ಭಯವಾಯಿತು.

ಎರಡು ಗಂಟೆಗೆ ಅವನು ಕಾರಿನಲ್ಲಿ ಕೂತಿದ್ದ. ಕ್ಯಾಮೆರಾವನ್ನು ಹಿಂದೆ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದ. ಎಂಜಿನ್ ಶುರುಮಾಡಿದ. ಎರಡೂ ಕೈ ಸ್ಟಿಯರಿಂಗ್ ಮೇಲೆ ಸುಮ್ಮನೆ ಬಿದ್ದಿದ್ದವು. ನೋಂದಣಿ ಕಚೇರಿಯ ಬಾಗಿಲು ತೆರೆದ ಕೂಡಲೇ ಹೆಟ್ಟಿ ತಿರುಗಿ ನೋಡುತ್ತಾಳೆ. ಅವಳು ನೋಡುವ ಮುಖ ಯಾವುದು? ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡ. ಅರವತ್ತರ ಒಬ್ಬ ಗಂಡಸು, ಏನೋ ಕೇಳುವವನಂತೆ ಬಾಯಿ ಸ್ವಲ್ಪ ತೆರೆದಿತ್ತು. ಎರಡೂ ಹತ್ತಕ್ಕೆ ಎಂಜಿನ್ ಆರಿಸಿದ. ಡಿಕ್ಕಿ ತೆಗೆದ.

"ಲೆನ್ಸಿನ ಮುಚ್ಚಳ ಮರೆತೆ" ಎಂದ ಒಳಗೆ ಬಂದು. ಮುಚ್ಚಳ ಜೇಬಿನಲ್ಲೇ ಇತ್ತು.

ಗ್ವೆಂಡಾ ಪೆಟ್ಟಿಗೆ ತುಂಬುತ್ತಿದ್ದಳು.

"ಆ ಅಪ್ಪ ಬಂದ್ನಾ?"

"ಇಲ್ಲ."

"ನಾನು ನಿಲ್ತೀನಿ."

ಗ್ವೆಂಡಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನಾ? ಹದಿನೈದು ವರ್ಷದಲ್ಲಿ ಒಂದು ದಿನಾನೂ ಕ್ಯಾಮೆರಾ ಮುಂದೆ ಬಂದವನಲ್ಲ."

"ಮುಖ ಬೇಡ ತಾನೆ."

"ಮುಖ ಯಾರಿಗೆ ಬೇಕು? ತೋಳು ಸಾಕು."

ಟಿಲ್ಲಿ ಊಟ ಮುಗಿಸಿ ಬಂದು, ಮತ್ತೆ ಗೌನು ತೊಟ್ಟು, ಮತ್ತೆ ಕ್ಲಿಪ್ಪು ಹಾಕಿಸಿಕೊಳ್ಳುವಷ್ಟರಲ್ಲಿ ಮೂರು ಹೊಡೆಯಿತು. ಬಾಡಿಗೆಯ ಕರಿಕೋಟು ಡೆಸ್ಮಂಡ್‌ಗೆ ದೊಗಳೆಯಾಗಿತ್ತು. ಗ್ವೆಂಡಾ ಅವನ ಬೆನ್ನ ಮೇಲೂ ನಾಲ್ಕು ಕ್ಲಿಪ್ಪು ಹಾಕಿದಳು. ಅವನು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚೌಕಟ್ಟು ಗದ್ದದ ಕೆಳಗೆ ಬರುವಂತೆ ಇಳಿಸಿ, ಹದಿನೈದು ಸೆಕೆಂಡಿಗೊಮ್ಮೆ ತಾನೇ ಚಿತ್ರ ತೆಗೆಯುವಂತೆ ಮಾಡಿ ಬಂದು ನಿಂತ. ತೋಳು ಮಡಿಚಿದ. ಟಿಲ್ಲಿ ಅದರೊಳಗೆ ಕೈ ತೂರಿಸಿದಳು. ತೆಳ್ಳನೆಯ, ಬೆಚ್ಚಗಿನ ಕೈ.

ಕ್ಯಾಮೆರಾ ಕ್ಲಿಕ್ ಎಂದಿತು.

"ತೋಳು ಇಷ್ಟು ಬಿಗಿ ಮಾಡ್ಬೇಡಿ" ಎಂದಳು ಟಿಲ್ಲಿ, ತುಟಿ ಅಲುಗಿಸದೆ.

"ಅಭ್ಯಾಸವಿಲ್ಲ."

ಕ್ಲಿಕ್.

"ಮಕ್ಕಳಿದಾರಾ?"

"ಒಬ್ಬಳು ಮಗಳು."

"ಮದುವೆ ಆಯ್ತಾ?"

"ಆಗ್ತಾ ಇದೆ."

"ಅಂದ್ರೆ? ಯಾವಾಗ?"

ಕ್ಲಿಕ್.

"ಈಗ" ಎಂದ.

ಟಿಲ್ಲಿ ತಲೆ ತಿರುಗಿಸಿದಳು. ಬೆಳಿಗ್ಗೆಯಿಂದ ಮೊದಲ ಸಲ ಅವನ ಮುಖ ನೋಡಿದಳು. ತಮಾಷೆಯಿರಬಹುದೆಂದು ನಗಲು ಹೊರಟವಳು ಅರ್ಧಕ್ಕೇ ನಿಂತಳು.

"ಹೋಗಿ" ಎಂದಳು ಮೆಲ್ಲಗೆ. "ಊಟಕ್ಕಾದ್ರೂ ಸಿಗ್ತಾರೆ. ಹೋಗ್ರೀ."

"ಇನ್ನೂ ಎರಡು ಮೂರು ಬೇಕು. ಬೆಳಕಿದೆ."

ಕೈ ತೋಳಿನಿಂದ ಜಾರಿತು. "ಗ್ವೆಂಡಾ, ನನಗೆ ಆಗಲ್ಲ" ಎಂದು ಅವಳು ಹೊರಟೇಬಿಟ್ಟಳು. ಗೌನಿನ ಸೆರಗು ನೆಲದ ಮೇಲೆ ಸರಸರ ಸರಿಯಿತು. ಬೆನ್ನ ಮೇಲಿನ ಆರು ಕ್ಲಿಪ್ಪುಗಳನ್ನು ಅವನು ಬಾಗಿಲವರೆಗೂ ನೋಡಿದ.

"ಏನಯ್ಯ ಅಂದೆ ಆ ಹುಡುಗಿಗೆ?" ಗ್ವೆಂಡಾ ಅವಳ ಹಿಂದೆ ಓಡಿದಳು.

ಮೂರೂ ಹತ್ತು. ಬೇಲಿಸ್ ಎದ್ದು, ಕ್ಷಮೆ ಕೇಳುವವನಂತೆ ಕೆಮ್ಮಿ, ಮೊದಲ ಕಿಟಕಿಯ ಪರದೆ ಇಳಿಸಿದ. ಎರಡನೆಯದು. ಗೋಡೆಯ ಹಳದಿ ಕಂದುಬಣ್ಣಕ್ಕೆ ತಿರುಗಿತು, ಆಮೇಲೆ ಬಣ್ಣವೇ ಉಳಿಯಲಿಲ್ಲ.

"ಇಳಿಸಿದೆ ಸಾರ್. ನೀವಿನ್ನು ತೋಳು ಇಳಿಸಬಹುದು."

ಡೆಸ್ಮಂಡ್‌ಗೆ ಕೇಳಿಸಿತು. ಇಳಿಸಬೇಕೆಂದೂ ಅನ್ನಿಸಿತು. ಎದುರಿಗೆ ಕ್ಯಾಮೆರಾದ ಕೆಂಪು ಚುಕ್ಕೆ ಮಿನುಗುತ್ತಿತ್ತು. ಅದು ಏನನ್ನು ನೋಡುತ್ತಿದೆಯೆಂದು ಅವನಿಗೆ ಗೊತ್ತಿತ್ತು. ಚೌಕಟ್ಟು ಹಾಕಿದವನು ಅವನೇ. ಕತ್ತಲಾಗುತ್ತಿರುವ ಕೋಣೆ, ತಲೆಯಿಲ್ಲದ ಒಂದು ಕೋಟು, ಮಡಿಚಿದ ತೋಳು, ಅದರ ನಡುವೆ ಒಂದು ಕೈ ತೂರುವಷ್ಟು ಜಾಗ.

ಕ್ಲಿಕ್ ಎಂದಿತು. ಅವನು ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿ ಮುಂದಿನದಕ್ಕೆ ನಿಂತ.