ಮೂವತ್ತೊಂದು ತಾಸಿನ ಟಿಕೆಟ್

ಮುಂಬಯಿಯಿಂದ ಲಂಡನ್ನಿಗೆ ಏಳು ಸಾವಿರದ ಇನ್ನೂರು ಕಿಲೋಮೀಟರ್. ನೇರ ವಿಮಾನದಲ್ಲಿ ಹೆಚ್ಚೆಂದರೆ ಹತ್ತು ತಾಸು. ಜಮೀರ ತನಗೂ ತಾಯಿ ಕೌಸರಳಿಗೂ ಅದರಲ್ಲೇ ಟಿಕೆಟ್ ಮಾಡಿಸಿದ್ದ. ಮದುವೆಯಾಗಿ ಐದು ತಿಂಗಳಾದ ಹೆಂಡತಿ ನೂರೀನಳಿಗೆ ಮಾತ್ರ ಬೇರೆ ವಿಮಾನ. ಮಸ್ಕತ್ತಿನಲ್ಲಿ ಒಂಬತ್ತು ತಾಸು ಕಾಯಬೇಕು, ಇಸ್ತಾಂಬುಲಿನಲ್ಲಿ ಹತ್ತು. ಎಲ್ಲ ಸೇರಿ ಮೂವತ್ತೊಂದು ತಾಸು.

“ಅದರಾಗ ಎರಡು ದೊಡ್ಡ ಬ್ಯಾಗ್ ಬಿಡ್ತಾರ. ಅಮ್ಮಿ ಸಾಮಾನೆಲ್ಲ ನಿನ್ನ ಜೋಡಿ ಬರ್ತಾವ,” ಎಂದಿದ್ದ ಜಮೀರ, ದೊಡ್ಡ ಉಪಕಾರ ಮಾಡಿದವನಂತೆ.

“ಕುಂತು ಹೋಗೂದೈತಿ, ನಡಕೊಂತ ಏನಲ್ಲ,” ಎಂದಳು ಕೌಸರ, ಎಲೆ ಅಡಿಕೆ ಜಗಿಯುತ್ತಾ. ಅತ್ತೆಯ ಆ ಕೆಂಪು ಬಾಯಿ ನೋಡಲಾಗದೆ ನೂರೀನ ಮುಖ ತಿರುಗಿಸಿದಳು. ಇವರಿಗೆ ಬೇಕಾಗಿದ್ದು ಸೊಸೆಯಲ್ಲ, ಹೇರು ಹೊರುವ ಕತ್ತೆ.

ಮುಂಬಯಿಯ ದಹಿಸರದಲ್ಲಿ ರಿಕ್ಷಾ ಸೀಟು ಹೊಲಿಯುವ ಅಪ್ಪ ಸರ್ದಾರನ ಮುಂದೆ ಹೇಳಿಕೊಂಡರೆ ಅವನು ಮಷೀನಿನಿಂದ ತಲೆಯನ್ನೇ ಎತ್ತಲಿಲ್ಲ. “ವೀಸಾ ಬಂದೈತಲ್ಲ ಬೇಟಿ, ಹೊಂದ್ಕೊಂಡು ಹೋಗು,” ಎಂದ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನೂರೀನ ನುಂಗಿದಳು.

ಹೊರಡುವ ದಿನ ಎರಡೂ ಬ್ಯಾಗು ಬೀಗ ಹಾಕಿಸಿಕೊಂಡೇ ಅತ್ತೆಯ ಮನೆಯಿಂದ ತವರಿಗೆ ಬಂದವು. ನೂರೀನಳ ಬಟ್ಟೆಗೆ ಅದರಲ್ಲಿ ಜಾಗ ಸಿಗಲಿಲ್ಲ. ಹೆಗಲ ಚೀಲದಲ್ಲಿ ಎರಡು ಜೊತೆ ಸಲ್ವಾರ್ ತುರುಕಿಕೊಂಡಳು. ಟಿಕೆಟ್ ಇಲ್ಲದ ಸರ್ದಾರನನ್ನು ವಿಮಾನ ನಿಲ್ದಾಣದ ಒಳಗೆ ಬಿಡಲಿಲ್ಲ, ಹೊರಗೇ ನಿಂತ. ಜಮೀರ, ಕೌಸರ ಇಬ್ಬರ ವಿಮಾನವೂ ಅದೇ ದಿನವಿದ್ದುದರಿಂದ ಅವಳ ಜೊತೆಗೇ ಒಳಗೆ ಬಂದರು.

ಒಳಗೆ ಕೌಂಟರಿನ ಹುಡುಗಿ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಹಿಂದಿಯಲ್ಲಿ ಕೇಳಿದಳು: ಈ ಬ್ಯಾಗುಗಳನ್ನು ನೀವೇ ತುಂಬಿದ್ದಾ?

“ಹೂಂ ಅನ್ನು,” ಎಂದು ಪಕ್ಕದಲ್ಲಿದ್ದ ಜಮೀರ ಮೊಣಕೈಯಿಂದ ತಿವಿದ. ಆ ತಿವಿತಕ್ಕೆ ನೂರೀನಳ ಮೈಯೆಲ್ಲ ಅಸಹ್ಯದಿಂದ ಮುದುಡಿತು.

“ಇಲ್ಲ,” ಎಂದಳು. “ಒಳಗೆ ಏನಿದೆಯೋ ನನಗೆ ಗೊತ್ತಿಲ್ಲ.”

ಹುಡುಗಿಯ ಮುಖ ಬದಲಾಯಿತು. ಸೆಕ್ಯುರಿಟಿಯವರು ಬಂದು ಎಲ್ಲರೆದುರು ಬೀಗ ತೆಗೆಸಿದರು. ಮಸಾಲೆ ಪುಡಿ, ಖಡಕ್ ರೊಟ್ಟಿ, ಎರಡು ಕುಕ್ಕರ್, ಕೌಸರಳ ಹಳೆಯ ಚಪ್ಪಲಿ. ಉಪ್ಪಿನಕಾಯಿ ಡಬ್ಬಿ ಸೋರಿ ಅಡಿಯೆಲ್ಲ ಎಣ್ಣೆಯಾಗಿತ್ತು. ಅತ್ತೆಯ ಚಪ್ಪಲಿ ಹೊರಲೂ ತಾನೇ! ನೂರೀನ ಮೂಗು ಮುಚ್ಚಿಕೊಂಡಳು.

“ಮಾನಾ ಕಳದ್ಯಲ್ಲ!” ಕೌಸರ ಕೂಗಿಕೊಂಡಳು.

“ನಿಮ್ಮ ಸಾಮಾನು, ಅತ್ತಿ. ನೀವಽ ಒಯ್ರಿ.”

ಪ್ರಯಾಣ ರದ್ದು ಎಂದು ಗೇಟಿನ ಪೊಲೀಸನಿಗೆ ಹೇಳಿ ನೂರೀನ ಹೊರಗೆ ಬಂದಳು. ಸರ್ದಾರ ಕಂಬಿ ಹಿಡಿದುಕೊಂಡು ಇನ್ನೂ ಅಲ್ಲೇ ನಿಂತಿದ್ದ.

“ಏನಾತು? ಮಂದಿ ಏನಂತಾರವ್ವ?” ಎಂದು ಹೌಹಾರಿದ.

ಅಪ್ಪನ ಮೇಲೂ ಅವಳಿಗೆ ಹೇಸಿಗೆ ಹುಟ್ಟಿತು, ಹುಟ್ಟಿದ್ದಕ್ಕೆ ಸಂಕಟವೂ ಆಯಿತು. “ಮಂದಿ ಮಾತು ಬಿಡ್ರಿ, ಅಬ್ಬಾ. ನಾ ಮೂವತ್ತೊಂದು ತಾಸು ಅಂದಾಗ ನೀವೇನಂದ್ರಿ?”

ಸರ್ದಾರ ಅವಳ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ.